ನೂರು ತಂತಿಗೆ ನಾನು ಕೊಟ್ಟ ಸುರ

ಮಡೆಪ್ಪನ ಪೇಟಿಯ ಸುರ ಹೋಗಿದೆ ಎಂದು ಭಾಲ್ಕಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಆ ಮಾತು ಔರಾದದ ಸಂತೆಯಲ್ಲಿ ಹುಟ್ಟಿದ್ದು. ಮೂವತ್ತು ವರ್ಷಗಳಿಂದ ಬಸ್ಸಿನ ಟಾಪಿನ ಮೇಲೆ ಕೂತು ಭಾಲ್ಕಿಗೂ ಬೀದರಕ್ಕೂ ತಿರುಗಾಡುತ್ತಿದೆ. ಮಡೆಪ್ಪ ಎಂದರೆ ನಾನು. ಪೇಟಿ ಎಂದರೆ ನನ್ನ ಹಾರ್ಮೋನಿಯಂ. ನಮ್ಮಿಬ್ಬರಲ್ಲಿ ಯಾರ ಸುರವೂ ಯಾವತ್ತೂ ಹೋಗಿಲ್ಲ. ಇದನ್ನು ಒಮ್ಮೆ ಇತ್ಯರ್ಥ ಮಾಡಿಬಿಡಬೇಕೆಂದೇ ಈಗ ಎಲ್ಲವನ್ನೂ ಬಿಚ್ಚಿ ಹೇಳುತ್ತಿದ್ದೇನೆ.

ಮೊದಲು ನಾನು ಎಂಥವನಿದ್ದೆ ಎಂಬುದು ನಿಮಗೆ ಗೊತ್ತಿರಲಿ. ನಿಜಾಮನ ಕಾಲದಲ್ಲಿ ನಾನು ಭಾಲ್ಕಿಯಲ್ಲಿ ಕೂತು ಪೇಟಿ ಬಾರಿಸಿದರೆ ಅದರ ಗಾಳಿಗೆ ಔರಾದದ ಕಣಗಳಲ್ಲಿ ಜೋಳ ತೂರುತ್ತಿದ್ದರು. ಡಾಬಕಾದ ಒಂದು ಮದುವೆಯಲ್ಲಿ ಸಂಜೆಯ ಹೊತ್ತು ಮರೆತು ಮುಂಜಾನೆಯ ರಾಗ ಹಿಡಿದೆ. ಮುಳುಗಿದ ಸೂರ್ಯ ಮರಳಿ ಬಂದು, ಅರ್ಧ ತಾಸು ಕೂತು, ಎರಡು ಉಂಡಿ ತಿಂದು ಹೋದ. ಹೈದರಾಬಾದಿನಿಂದ ನನ್ನನ್ನು ಕರೆಯಲು ಆನೆ ಬಂದಿತ್ತು. ನಾನು ಆಗ ಉಣ್ಣುತ್ತಿದ್ದೆ, ಹೋಗಲಿಲ್ಲ. ಆನೆ ನಮ್ಮ ಹಿತ್ತಲಿನ ಬಾಳೆಗಿಡ ತಿಂದು ಹಿಂದಕ್ಕೆ ಹೋಯಿತು.

ಇಂಥ ನನ್ನ ಊರಿಗೆ ಮುನೀರೋದ್ದೀನ ಬಂದ.

ಅವನು ಬೀದರದವನು. ಬಿದರಿ ಕೆಲಸದವನು. ಕರಿಯ ಹೂಜಿ, ಕರಿಯ ಡಬ್ಬಿಗಳ ಮೈಯಲ್ಲಿ ಗೀರು ಕೊರೆದು, ಆ ಗೀರಿನಲ್ಲಿ ಬೆಳ್ಳಿಯ ತಂತಿ ಕೂರಿಸಿ ಸಣ್ಣ ಸುತ್ತಿಗೆಯಿಂದ ಬಡಿಯುವುದು ಅವನ ಕಸುಬು. ಹೆಂಡತಿ ಅಜೀಜಾ ಬೇಗಂ ಭಾಲ್ಕಿಯವಳು. ಅವಳ ತಂದೆ ಹಾಸಿಗೆ ಹಿಡಿದಾಗ ಗಂಡಹೆಂಡತಿ ನಮ್ಮೂರಿಗೆ ಬಂದರು, ಮುದುಕ ತೀರಿಹೋದ ಮೇಲೂ ಅಲ್ಲೇ ಉಳಿದರು. ಅವರ ಬಂಡಿಯಲ್ಲಿ ಪಾತ್ರೆಪಗಡೆ ಬಿಟ್ಟರೆ ರಜಾಯಿಯಲ್ಲಿ ಸುತ್ತಿದ ಒಂದು ಚಪ್ಪಟೆ ಪೆಟ್ಟಿಗೆ ಇತ್ತು. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಮೇಲೆ ನೂರು ತಂತಿ. ಊರಲ್ಲಿ ನಾನು ಸಾವಿರ ಎಂದು ಹೇಳಿದೆ, ನೂರು ಎಂದರೆ ಯಾರು ನೋಡಲು ಬರುತ್ತಾರೆ. ತುದಿ ಬಾಗಿದ ಎರಡು ಕಡ್ಡಿಗಳಿಂದ ಆ ತಂತಿಗಳನ್ನು ತಟ್ಟಿ ಬಾರಿಸಬೇಕು. ಹಗಲೆಲ್ಲ ಬೆಳ್ಳಿ ತಂತಿ ಬಡಿಯುವವನು ಸಂಜೆಗೆ ಉಕ್ಕಿನ ತಂತಿ ಬಡಿಯುತ್ತಾನೆ, ಇವನ ಕೈಗೆ ಸುಮ್ಮನಿರುವುದೇ ಬರುವುದಿಲ್ಲ ಎಂದು ಜನ ನಗುತ್ತಿದ್ದರು.

ಅದರ ಹೆಸರು ಸಂತೂರ. ಅವನ ಅಜ್ಜನ ಕಾಲದಲ್ಲಿ ಶಾಲು ಮಾರುವ ಕಾಶ್ಮೀರಿಯೊಬ್ಬ ಬೀದರದಲ್ಲಿ ಜ್ವರ ಬಂದು ಬಿದ್ದನಂತೆ. ಅಜ್ಜ ಆರೈಕೆ ಮಾಡಿದ. ಕಾಶ್ಮೀರಿ ಸಾಯುವ ಮುಂಚೆ ಪೆಟ್ಟಿಗೆಯನ್ನೂ ಅದನ್ನು ಬಾರಿಸುವ ಬಗೆಯನ್ನೂ ಅಜ್ಜನ ಕೈಗಿಟ್ಟು ಹೋದ. ನಮ್ಮೂರ ಶಾಸ್ತ್ರಿಗಳು ಅದನ್ನು ನೋಡಿ, ಇದು ಶತತಂತ್ರಿ, ಮೊದಲಿಂದಲೂ ನಮ್ಮದೇ ಎಂದರು. ಬೀದರದ ಪಾದ್ರಿಯೊಬ್ಬ ನೋಡಿ, ನಮ್ಮ ನಾಡಿನಲ್ಲಿ ಇದಕ್ಕೆ ಡಲ್ಸಿಮರ್ ಎನ್ನುತ್ತಾರೆ, ಹಾಗೆಂದರೆ ಸಿಹಿಯಾದ ದನಿ ಎಂದನಂತೆ. ಪೆಟ್ಟಿಗೆ ಒಂದೇ, ಹೆಸರು ಮೂರು. ನಾಲ್ಕನೆಯ ಹೆಸರು ಇಟ್ಟವನು ನಾನು. ಊರು ನೆನಪಿಟ್ಟುಕೊಂಡದ್ದು ನನ್ನದನ್ನೇ.

ಅದಕ್ಕೆ ಮುಂಚೆ ವೈಜಿನಾಥ ಸಾವಕಾರರ ಮೊಮ್ಮಗನ ತೊಟ್ಟಿಲ ಕಾರ್ಯದ ದಿನ ನಡೆದದ್ದನ್ನು ಹೇಳಬೇಕು. ನಾನು ಮೂರು ತಾಸು ಬಾರಿಸಿದೆ. ಕೂಸು ಮೂರು ತಾಸೂ ಅತ್ತಿತು. ದೊಡ್ಡ ಸಂಗೀತ ಕಿವಿಗೆ ಬಿದ್ದರೆ ಕೂಸುಗಳು ಅಳುತ್ತವೆ, ಬಲ್ಲವರಿಗೆ ಅದು ಗೊತ್ತು. ಸಾವಕಾರರು ಬಲ್ಲವರಲ್ಲ.

"ಮುನೀರ, ನಿನ್ನ ಡಬ್ಬಿ ತಂದೀಯಲ್ಲ, ಒಂದೀಟು ಬಾರಸು ನೋಡೋಣ" ಎಂದರು.

ಮುನೀರೋದ್ದೀನ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ನನ್ನ ಕಡೆ ತಿರುಗಿದ. "ಮಡೆಪ್ಪಣ್ಣಾ, ಸುರ ಕೊಡ್ರಿ. ನಿಮ್ಮ ಪೇಟಿ ಇಲ್ಲಂದ್ರ ನನ್ನದು ಬರೇ ಕಟಗಿ ಅದರಿ."

ಈ ಎರಡು ವಾದ್ಯಗಳ ರೀತಿಯೇ ಹಾಗೆ. ಪೇಟಿಯ ಸುರ ಕಾರಖಾನೆಯಲ್ಲೇ ಕೂತು ಬಂದಿರುತ್ತದೆ, ಅಲ್ಲಾಡುವುದಿಲ್ಲ. ಸಂತೂರದ ತಂತಿ ಉಸಿರು ತಾಗಿದರೂ ಇಳಿಯುತ್ತದೆ. ನಾನು ಪೇಟಿಯ ಒಂದೊಂದೇ ಮನೆ, ಅಂದರೆ ಪಟ್ಟಿ, ಒತ್ತುತ್ತ ಹೋಗಬೇಕು. ಅವನು ಕೈಯಲ್ಲಿ ಒಂದು ಚಾವಿ ಹಿಡಿದು ಮೊಳೆಗಳನ್ನು ತಿರುಗಿಸುತ್ತ, ತಟ್ಟುತ್ತ, ಒಂದೊಂದೇ ತಂತಿಯನ್ನು ನನ್ನ ಸುರಕ್ಕೆ ತಂದು ನಿಲ್ಲಿಸಬೇಕು. ಅಂದು ನಾಲ್ಕಾರು ತಂತಿಯಷ್ಟೇ ಇಳಿದಿದ್ದವು. ಬೇಗ ಮುಗಿಯಿತು.

ಅವನು ತಟ್ಟತೊಡಗಿದ. ನಾನು ಯಾರನ್ನೂ ಹೊಗಳುವವನಲ್ಲ, ಅದಕ್ಕೆ ಹೆಚ್ಚು ಹೇಳುವುದಿಲ್ಲ. ಕೂಸು ಮಲಗಿತು. ತೊಟ್ಟಿಲ ಸುತ್ತ ಇದ್ದ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಕೂತರು. ಮುಗಿದ ಮೇಲೆ ನಾನು ಮತ್ತೆ ಪೇಟಿಯ ಗಾಳಿ ಎಳೆದಾಗ ಸಾವಕಾರರ ನೆರೆಮನೆಯ ಕಸ್ತೂರಿಬಾಯಿ ಬಾಯಿಯ ಮೇಲೆ ಬೆರಳಿಟ್ಟಳು.

"ಮಡೆಪ್ಪಣ್ಣಾ, ನೀ ಇನ್ನ ಬಾರಸಬ್ಯಾಡ. ಕೂಸು ಈಗರೆ ಕಣ್ಣು ಮುಚ್ಯಾದ."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವತ್ತಿನಿಂದ ಮೂರು ತಾಲೂಕಿನಲ್ಲಿ ಒಂದೇ ಮಾತು: ಮುನೀರೋದ್ದೀನ ಬಾರಸ್ತಾನ, ಮಡೆಪ್ಪ ಸುರ ಕೊಡ್ತಾನ. ಆನೆ ಕಳಿಸಿ ಕರೆಸಿದ ಮನುಷ್ಯ ನಾನು. ನನ್ನನ್ನು ಸುರ ಕೊಡಲು ಕರೆಯುತ್ತಿದ್ದರು. ಮುನೀರೋದ್ದೀನ ಮಾತ್ರ ಎಲ್ಲಿ ಹೋದರೂ ಮೊದಲು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಕೂಡುತ್ತಿದ್ದ. ಅದು ಇನ್ನೂ ಉರಿ ಹೆಚ್ಚಿಸುತ್ತಿತ್ತು.

ಮಳೆಗಾಲ ಬಂದರೆ ನನಗೆ ಸಮಾಧಾನ. ಮಳೆಗಾಲದಲ್ಲಿ ಅವನು ಬಾರಿಸುತ್ತಿರಲಿಲ್ಲ.

"ಯಾಕೋ ಮುನೀರ, ಮಿರಗದ ಮಳಿ ಬಂತಂದ್ರ ನಿನ್ನ ಸಂತೂರ ನಿದ್ದಿ ಹೋಗ್ತದೇನು?" ಎಂದು ಒಮ್ಮೆ ಕೇಳಿದೆ.

"ಹೌದ್ರಿ ಅಣ್ಣಾ. ಕಟಗಿ ನೀರು ಕುಡದು ಉಬ್ಬತದ. ತಂತಿ ಬಿಗಿ ಇದ್ರ ಹಲಗಿ ಸೀಳತದ. ನೂರೂ ತಂತಿ ಸಡ್ಲ ಮಾಡಿ ರಜಾಯಿನಾಗ ಸುತ್ತಿ ಇಡಬೇಕು. ದಸರಾ ಆದ ಮ್ಯಾಲ ಎಬ್ಬಸೋದು. ನಮ್ಮ ಅಜ್ಜಾನೂ ಹಿಂಗೇ ಮಾಡ್ತಿದ್ದ."

"ಎಬ್ಬಸಲಿಕ್ಕಿ ಎಷ್ಟು ಹೊತ್ತು ಬೇಕು?"

"ನಾ ಒಬ್ಬನೇ ಕೂತ್ರ ಇಡೀ ದಿನ. ನೀವು ಪೇಟಿ ಹಿಡದು ಕೂತ್ರ ಎರಡು ತಾಸು ರಿ."

ಈ ಮಾತನ್ನು ನೆನಪಿಡಿ. ಅವನು ಇದನ್ನು ಹೇಳಿದ್ದು ನನಗೊಬ್ಬನಿಗೆ.

ನಲವತ್ತೆಂಟರ ಮಳೆಗಾಲದಲ್ಲಿ ನಿಜಾಮನ ಪರ ಬಂದೂಕು ಹಿಡಿದ ರಜಾಕಾರರ ಹಾವಳಿ ಹೆಚ್ಚಾಯಿತು. ನಾನು ಒಬ್ಬನೇ ಪೇಟಿ ಎತ್ತಿ ಹೊಡೆದು ನಲವತ್ತು ಜನ ರಜಾಕಾರರನ್ನು ಓಡಿಸಿದ ಸುದ್ದಿ ನೀವು ಕೇಳಿರಬಹುದು. ಹೇಳಿದವನು ನಾನೇ. ಅವರು ಬಂದ ದಿನ ನಾನು ಸಾವಕಾರರ ಹಗೇವಿನಲ್ಲಿ ಕೂತಿದ್ದೆ. ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ಆಗ ಅದು ಖಾಲಿ ಇತ್ತು, ಹದಿನೈದು ಜನ ಅದರಲ್ಲಿ ಮೊಣಕಾಲಿಗೆ ಗದ್ದ ಹಚ್ಚಿ ಕೂತಿದ್ದೆವು. ಮೇಲೆ ಹಾಡುಹಗಲು. ರಜಾಕಾರರು ಕಸ್ತೂರಿಬಾಯಿಯ ಒಬ್ಬನೇ ಮಗ ರೇವಪ್ಪನನ್ನು ಮೇವಿನ ಬಣವೆಯ ಹಿಂದಿನಿಂದ ಎಳೆದು ಹಳ್ಳದ ದಂಡೆಗೆ ಒಯ್ದು ಗುಂಡು ಹಾಕಿದರು.

ಮತ್ತೊಂದು ಸಲ ಅವರು ಬಂದಾರೆಂಬ ಸುದ್ದಿಗೆ ನಾವೆಲ್ಲ ಮತ್ತೆ ಹಗೇವಿಗೆ ಇಳಿದಾಗ ಕಸ್ತೂರಿಬಾಯಿಯೂ ಇಳಿದಿದ್ದಳು. ಮಗ ಸತ್ತ ಮೇಲೆ ಅವಳು ಆಡುತ್ತಿದ್ದದ್ದು ಒಂದೇ ಮಾತು.

"ಸೀದಾ ಬಣವಿಗೇ ಹೋದ್ರು. ಮನಿ ನೋಡ್ಲಿಲ್ಲ, ಕೊಟಗಿ ನೋಡ್ಲಿಲ್ಲ. ಅಲ್ಲಿ ಹಾನ ಅಂತ ಯಾರು ಹೇಳಿದ್ರು ಅವರಿಗಿ?"

ಹದಿನೈದು ಜನ ಬಾಯಿ ಮುಚ್ಚಿ ಕೂತರೆ ನನಗೆ ತಡೆಯಲಾಗುವುದಿಲ್ಲ.

"ಹೇಳೋವರು ಯಾಕ ಬೇಕು ಯವ್ವಾ, ಊರಾಗ ವಾಯರ್‌ಲೆಸ್ ಇಟಗೊಂಡು ಕೂತಾರಲ್ಲ" ಎಂದೆ.

"ಹಂಗಂದ್ರ?"

"ಸುದ್ದಿ ಮುಟ್ಟಸೋ ಮಸೀನು. ಮದವಿ ಮನ್ಯಾಗ ಬಾಜಾ ಅಂತ ತೋರಸೋದು ಬರೇ ವೇಷ. ಮುನೀರನ ಡಬ್ಬಿ ಏನಂತ ತಿಳದೀರಿ? ಅವ ಇಲ್ಲಿ ಟಿಂಗ್ ಅಂದ್ರ ಹೈದರಾಬಾದಿನಾಗ ಹಲೋ ಅಂತಾರ."

ಕಸ್ತೂರಿಬಾಯಿಯ ಮೈದುನ ಹಾವಗೆಪ್ಪ ಸ್ವಲ್ಪ ಓದಿದವನು. "ಮಡೆಪ್ಪ, ವಾಯರ್‌ಲೆಸ್ಸಿಗಿ ತಂತಿ ಇರೋದಿಲ್ಲಂತ. ಅದರ ಮ್ಯಾಲ ಹಿಡಿ ಹಿಡಿ ತಂತಿ ಅದಾವಲ್ಲ" ಎಂದ.

"ಅದು ಬಡವರ ವಾಯರ್‌ಲೆಸ್ ತಮ್ಮಾ. ಇದು ಜರ್ಮನಿಂದು. ಸಾವಿರ ತಂತಿ ಇದ್ದದ್ದಕ್ಕೇ ಅಷ್ಟು ಸ್ಪಷ್ಟ ಕೇಳಸ್ತದ. ಮೊಳಿ ಹ್ಯಾಂಗ ತಿರಗಸ್ತಾನ ನೋಡಿಲ್ಲೇನು? ಸಂಗೀತಕ್ಕ ಯಾರರೆ ಅಷ್ಟು ತಿರಗಸ್ತಾರೇನು?"

ಕತ್ತಲ ಗುಂಡಿಯಲ್ಲಿ ಕಸ್ತೂರಿಬಾಯಿ ನನ್ನ ಮುಂಗೈ ಹಿಡಿದಳು. "ಖರೆ ಏನೋ ಮಡೆಪ್ಪಣ್ಣಾ?"

ನೀ ಇನ್ನ ಬಾರಸಬ್ಯಾಡ ಎಂದವಳು ಅವಳೇ. ಈಗ ನನ್ನ ಬಾಯಿಂದ ಇನ್ನೊಂದು ಮಾತು ಬಂದರೆ ಸಾಕೆಂದು ಕಾದು ಕೂತಿದ್ದಳು. ಮೂರು ತಾಸು ಪೇಟಿ ಬಾರಿಸಿದರೂ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

"ಖರೆ ಯವ್ವಾ. ನಿನ್ನ ಮುಂದ ನಾ ಸುಳ್ಳು ಹೇಳ್ಲೇನು?"

ಆ ಹೊತ್ತಿಗೆ ಸಂತೂರ ರಜಾಯಿಯಲ್ಲಿ ಮಲಗಿ ಎರಡು ತಿಂಗಳಾಗಿತ್ತು. ಅದರ ಒಂದು ತಂತಿಯೂ ಬಿಗಿ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಒಳಗೆ ಬಂದು ಪೊಲೀಸ್ ಕಾರ್ಯಾಚರಣೆ ಆಯಿತು. ಐದು ದಿನದಲ್ಲಿ ನಿಜಾಮ ಕೈ ಎತ್ತಿದ. ನನ್ನನ್ನು ಕೇಳಿದ್ದರೆ ಎರಡೇ ದಿನದಲ್ಲಿ ಮುಗಿಸಿಕೊಡುತ್ತಿದ್ದೆ. ಗುಂಡು ಹಾಕಿದ ರಜಾಕಾರರು ಮಿಲಿಟರಿ ಬರುವ ಮೊದಲೇ ಬಟ್ಟೆ ಬದಲಿಸಿ ಎಲ್ಲೆಲ್ಲಿಗೋ ಹೋಗಿಬಿಟ್ಟಿದ್ದರು. ಏನೂ ಮಾಡದವರು ಓಡಲಿಲ್ಲ, ಓಡಬೇಕೆಂದು ಅವರಿಗೆ ಹೊಳೆಯಲಿಲ್ಲ. ಮುನೀರೋದ್ದೀನ ಮಾತ್ರ ಒಂದು ಮುಂಜಾನೆ ನಮ್ಮ ಬಾಗಿಲಿಗೆ ಬಂದು ನಿಂತ.

"ಅಣ್ಣಾ, ಅಜೀಜಾ ಔರಾದಿಗಿ ಅವಳ ಮಾಮಾನ ಮನಿಗಿ ಹೋಗೋಣ ಅಂತಾಳ. ಹೋಗಲೇನ್ರಿ? ಇಲ್ಲ ಇಲ್ಲೇ ಇರಲೇನ್ರಿ?"

"ನೀ ಏನ್ ಮಾಡೀದಿ ಅಂತ ಹೋಗ್ತಿ? ಸುಮ್ನ ಕೂಡು" ಎಂದೆ.

"ಅದೇ ರಿ. ನಾ ಏನ್ ಮಾಡೀನಿ" ಎಂದು ಸಮಾಧಾನದಿಂದ ಮರಳಿ ಹೋದ. ಅವನು ಹೋಗಿದ್ದರೆ ಅವನ ಸಂತೂರವೂ ಔರಾದಕ್ಕೆ ಹೋಗುತ್ತಿತ್ತು, ಆಮೇಲೆ ನಾನು ಹೇಳಿದ್ದು ಸುಳ್ಳೋ ಖರೆಯೋ ಯಾರೂ ಕೇಳುತ್ತಿರಲಿಲ್ಲ. ನನಗೇ ಗೊತ್ತಿಲ್ಲ ಯಾಕೆ ಹಾಗೆಂದೆನೋ. ಯಾರಾದರೂ ನನ್ನ ಮಾತು ಕೇಳಿ ನಡೆದರೆ ನನಗೆ ಚೆಂದ ಅನಿಸುತ್ತದೆ, ಅಷ್ಟೇ.

ಮರುದಿನ ಹೊತ್ತೇರುವ ಮೊದಲು ಹಾವಗೆಪ್ಪ ಮೂವತ್ತು ಜನರನ್ನು ಕಟ್ಟಿಕೊಂಡು ಅವನ ಮನೆಗೆ ಹೋದ. ಈ ಮೂವತ್ತು ಲೆಕ್ಕ ಸರಿಯಾದದ್ದು, ನಾನು ಹೆಚ್ಚಿಸಿಲ್ಲ. ಪೆಟ್ಟಿಗೆಯನ್ನು ರಜಾಯಿಯ ಸಮೇತ ಹೊರಗೆ ತಂದರು. ಮುನೀರೋದ್ದೀನ ಅಡ್ಡ ಬಂದು "ಇದು ಬಾಜಾ ರಿ, ಬಾಜಾ" ಎನ್ನುತ್ತಿರುವಾಗ ಹಾವಗೆಪ್ಪ ಅವನ ಎರಡೂ ಕಿವಿಗೆ ಎರಡೂ ಅಂಗೈ ಒಟ್ಟಿಗೆ ಬೀಸಿ ಹೊಡೆದ. ಎಡಗಿವಿಯಿಂದ ರಕ್ತ ಇಳಿದು ಅಂಗಿಯ ಕಾಲರಿಗೆ ಹತ್ತಿತು. ಹಾಗೇ ಚಾವಡಿಯ ಮುಂದೆ ತಂದು ಕೂರಿಸಿದರು.

ಚಾವಡಿಯ ಎದುರು ಮಿಲಿಟರಿಯ ಒಂದು ಟ್ರಕ್ಕು ನಿಂತಿತ್ತು. ಔರಾದಕ್ಕೆ ಹೊರಟದ್ದು ಚಕ್ರ ಒಡೆದು ನಿಂತಿತ್ತು. ಜೊತೆಗೆ ತಂದಿದ್ದ ಇನ್ನೊಂದು ಚಕ್ರವೂ ತೂತು ಬಿದ್ದಿತ್ತು. ಸಿಪಾಯಿಗಳು ಅದಕ್ಕೆ ತೇಪೆ ಹಾಕುತ್ತಿದ್ದರು. ಅವರ ಸುಬೇದಾರ ವಾಯರ್‌ಲೆಸ್ ಎಂಬ ಮಾತು ಕೇಳಿ ಎದ್ದು ಬಂದ. ಪೆಟ್ಟಿಗೆಯನ್ನು ಬೂಟಿನ ತುದಿಯಿಂದ ತಿರುಗಿಸಿ ನೋಡಿದ. ಅಂಥದ್ದನ್ನು ಅವನೂ ಹುಟ್ಟಾ ಕಂಡಿರಲಿಲ್ಲ. ತಂತಿಯೊಂದನ್ನು ಬೆರಳಿಂದ ಎಳೆದ. ಸಡಿಲ ತಂತಿ ದಪ್ಪಗೆ ಗೊರ್ರೆಂದಿತು.

"ಕೇಳಿದ್ರಿಲ್ಲ, ಇದು ಬಾಜಾದ ದನಿ ಏನ್ರಿ?" ಎಂದ ಹಾವಗೆಪ್ಪ.

"ಮಳಿಗಾಲ ರಿ ಸಾಹೇಬ್ರ, ಸಡ್ಲ ಮಾಡಿ ಇಟ್ಟೀನಿ" ಎಂದು ಮುನೀರೋದ್ದೀನ ಉರ್ದುವಿನಲ್ಲೂ ಕನ್ನಡದಲ್ಲೂ ಹೇಳಿದ. ಗುಂಪು ಗೊಳ್ಳೆಂದಿತು. ಮಳೆಗಾಲದಲ್ಲಿ ಮಲಗುವ ವಾದ್ಯವನ್ನು ಯಾರು ಕೇಳಿದ್ದಾರೆ.

ಸುಬೇದಾರ ಕೆಟ್ಟವನಲ್ಲ. ನೇರ ಮನುಷ್ಯ. "ಬಾಜಾ ಹೈ ತೋ ಬಜಾವ್" ಎಂದ. ಬಾಜಾ ಆಗಿದ್ದರೆ ಬಾರಿಸಲಿ ಎಂದು ಟ್ರಕ್ಕಿನ ಚಕ್ರ ಕೂರುವವರೆಗೆ ಹೊತ್ತು ಕೊಟ್ಟ. ಬಾರಿಸಿ ತೋರಿಸಿದರೆ ಇವನನ್ನು ಯಾರೂ ಮುಟ್ಟುವಂತಿಲ್ಲ, ಅದಕ್ಕೆ ತಾನು ಹೊಣೆ. ಬಾರಿಸದಿದ್ದರೆ ಊರವರೇ ಬೀದರಕ್ಕೆ ಒಯ್ದು ಮೇಲಿನವರಿಗೆ ಒಪ್ಪಿಸಬೇಕು ಎಂದ. ಬೀದರದವರೆಗಿನ ದಾರಿಯಲ್ಲಿ ಆ ದಿನಗಳಲ್ಲಿ ಏನೇನಾಗುತ್ತಿತ್ತು ಎಂಬುದು ಅಲ್ಲಿ ನಿಂತ ಪ್ರತಿಯೊಬ್ಬನಿಗೂ ಗೊತ್ತಿತ್ತು. ಪರ ಊರಿನ ಸುಬೇದಾರನಿಗೆ ಗೊತ್ತಿತ್ತೋ ಇಲ್ಲವೋ ಹೇಳಲಾರೆ.

ಮುನೀರೋದ್ದೀನ ಸುತ್ತ ನೋಡಿದ. "ಮಡೆಪ್ಪಣ್ಣನ ಕರೀರಿ" ಎಂದ. "ಅವರು ಪೇಟಿ ತಂದು ಕೂತ್ರ ಎರಡು ತಾಸಿನಾಗ ಎಬ್ಬಸ್ತೇನಿ."

ನಾನು ಗುಂಪಿನ ಹಿಂದೆಯೇ ಇದ್ದೆ. ಯಾರೋ ಓಡಿ ಪೇಟಿ ತಂದರು. ನಾನು ಬಂದು ಎದುರು ಕೂತಾಗ ಅವನ ಮುಖ ಹೇಗಾಯಿತು ಎಂದರೆ, ಆ ಕ್ಷಣವೇ ಅವನಿಗೆ ಬಿಡುಗಡೆ ಆದಂತಿತ್ತು. ಅಷ್ಟು ರಕ್ತದಲ್ಲೂ ಬಾಗಿ ನನ್ನ ಕಾಲು ಮುಟ್ಟಿದ.

"ಅಣ್ಣಾ, ಕಿವ್ಯಾಗ ಗುಂಯ್ ಅಂತದ. ನನಗ ಪಕ್ಕಾ ಕೇಳಸವಲ್ದು. ನಿಮ್ಮ ಸುರ ಜೋರಾಗಿ ಹಿಡೀರಿ, ಅದರ ಮ್ಯಾಲೇ ಹೋಗ್ತೇನಿ."

ನಾನು ಬಿಳಿ ಒಂದು ಒತ್ತಿದೆ. ನಮ್ಮಲ್ಲಿ ಪೇಟಿಯ ಮೊದಲ ಬಿಳಿ ಮನೆಗೆ ಹಾಗೆನ್ನುತ್ತಾರೆ. ಅದೇ ಸಾ. ಅವನು ಚಾವಿ ಹಿಡಿದು ಮೊದಲ ಮೊಳೆ ತಿರುಗಿಸಿದ. ಬಲಗಿವಿಯನ್ನು ಹಲಗೆಗೆ ಒತ್ತಿ, ಕಣ್ಣು ಮುಚ್ಚಿ, ತಟ್ಟಿದ. ತಿರುಗಿಸಿದ. ತಟ್ಟಿದ. ಗುಂಪಿಗೆ ಅದು ಇನ್ನಷ್ಟು ಮಸೀನಿನಂತೆ ಕಂಡಿತು. ನೋಡ್ರೋ, ಸುದ್ದಿ ಕಳಸ್ಲತ್ತಾನ ಎಂದು ಯಾರೋ ಕೂಗಿದರು. ಸುಬೇದಾರ ಕೈ ಎತ್ತಿ ಸುಮ್ಮನಿರಿಸಿದ. ಅಜೀಜಾ ಬೇಗಂ ಚಾವಡಿಯ ಕಂಬಕ್ಕೆ ಬೆನ್ನು ಹಚ್ಚಿ ನಿಂತು ಮೊಳೆಗಳನ್ನು ಎಣಿಸುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು. ಕಸ್ತೂರಿಬಾಯಿ ನನ್ನ ಎದುರು ನೆಲದ ಮೇಲೆ ಕೂತಿದ್ದಳು. ಅವಳು ಮುನೀರೋದ್ದೀನನನ್ನು ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಕೆಳಗಿನ ಐವತ್ತು ತಂತಿ ನನ್ನ ಸುರಕ್ಕೆ ಬಂದವು. ಅಷ್ಟಕ್ಕೇ ಅವನು ಪರೀಕ್ಷೆಗೆಂದು ಎರಡೂ ಕಡ್ಡಿಗಳಿಂದ ಒಮ್ಮೆ ಸರ್ರನೆ ಮೇಲಿಂದ ಕೆಳಕ್ಕೆ ಎಳೆದ. ಸುಬೇದಾರನ ಹುಬ್ಬು ಮೇಲೇರಿತು. ಚಕ್ರಕ್ಕೆ ಗಾಳಿ ಹಾಕುತ್ತಿದ್ದ ಸಿಪಾಯಿ ಪಂಪು ನಿಲ್ಲಿಸಿ ತಲೆ ಎತ್ತಿದ. ಗುಂಪಿನ ಹಿಂದೆ ಒಬ್ಬ ಮುದುಕ, "ಅಲ್ರೋ, ಇದು ಬಾಜಾನೇ ಕಾಣ್ತದಲ್ಲ" ಎಂದ. ಹಾವಗೆಪ್ಪ ನನ್ನ ಕಡೆ ತಿರುಗಿದ. ಕಸ್ತೂರಿಬಾಯಿಯ ಕಣ್ಣು ಸಣ್ಣದಾಯಿತು.

ಇನ್ನೈವತ್ತು ತಂತಿ ಎದ್ದರೆ ಅವನು ಬಾರಿಸುತ್ತಾನೆ. ಬಾರಿಸಿದರೆ ಊರೇ ನೆಲದ ಮೇಲೆ ಕೂಡುತ್ತದೆ, ಆ ತೊಟ್ಟಿಲ ದಿನದ ಹಾಗೆ. ಆಮೇಲೆ ಎದ್ದು ಹಗೇವಿನ ಮಾತು ಯಾರದೆಂದು ಕೇಳುತ್ತದೆ.

ನಾನು ಬಿಳಿ ಒಂದರ ಮೇಲಿದ್ದ ಬೆರಳನ್ನು ಪಕ್ಕದ ಕರಿ ಒಂದಕ್ಕೆ ತಂದೆ. ಅರ್ಧ ಸುರದಷ್ಟು ಮೇಲೆ. ಗಾಳಿ ಎಳೆಯುವ ಕೈ ನಿಲ್ಲಲಿಲ್ಲ, ಸುರ ಕಡಿಯಲಿಲ್ಲ, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಇದ್ದಲ್ಲಿಂದ ಅಲ್ಲಿಗೆ ಹೋಯಿತು. ಮೇಲಿನ ಐವತ್ತು ತಂತಿಗಳಿಗೆ ನಾನು ಕೊಟ್ಟದ್ದೆಲ್ಲ ಅಲ್ಲಿಂದಲೇ.

ಅವನಿಗೆ ಗೊತ್ತಾಗಲಿಲ್ಲ ಎಂದರೆ ಅದು ಸುಳ್ಳು. ಎರಡನೆಯ ತಂತಿಗೇ ಚಾವಿ ನಿಲ್ಲಿಸಿದ. ಕಣ್ಣು ತೆರೆದು ನನ್ನನ್ನು ನೋಡಿದ.

"ಅಣ್ಣಾ, ಸುರ ಅದೇ ಅದೇನ್ರಿ?"

"ಅದೇ ಅದ."

"ನನಗ ಯಾಕೋ ಏರಿದಂಗ ಅನಸ್ಲತ್ತದ."

"ನಿನ್ನ ಕಿವಿ ಒಡದಾದ ಮುನೀರ. ಪೇಟಿ ಹ್ಯಾಂಗ ಏರ್ತದ? ನಡಿ ನಡಿ, ಹೊತ್ತಿಲ್ಲ."

ಅವನು ರಕ್ತದ ಕಿವಿಯನ್ನು ಒಮ್ಮೆ ಮುಟ್ಟಿಕೊಂಡ. "ಹೌದ್ರಿ. ನನ್ನ ಕಿವಿನೇ" ಎಂದು ಮತ್ತೆ ಬಾಗಿದ. ಆಮೇಲೆ ಕೇಳಲಿಲ್ಲ. ಐವತ್ತೂ ತಂತಿಗಳನ್ನು ತನ್ನ ಕಿವಿಯ ಮಾತು ಬಿಟ್ಟು ನನ್ನ ಮಾತಿನ ಮೇಲೆ ಬಿಗಿದ. ಕೊನೆಯ ಮೊಳೆಗೆ ಬಂದಾಗ ಬೆರಳು ಒಡೆದಿದ್ದವು, ಚಾವಿ ಜಾರುತ್ತಿತ್ತು, ಅಂಗಿಯ ತುದಿಯಲ್ಲಿ ಸುತ್ತಿ ಹಿಡಿದು ತಿರುಗಿಸಿದ.

ಸಿಪಾಯಿಗಳು ಚಕ್ರ ಉರುಳಿಸಿಕೊಂಡು ಹೋಗಿ ಟ್ರಕ್ಕಿಗೆ ಕೂರಿಸತೊಡಗಿದರು. ಅವನು ಕಡ್ಡಿ ಎತ್ತಿದ.

ಸಂತೂರವನ್ನು ಸುಳ್ಳು ಸುರದಲ್ಲಿ ನೀವು ಕೇಳಿಲ್ಲ. ಕೆಳಗಿನ ಅರ್ಧ ಒಂದು ಊರಿನಲ್ಲಿ, ಮೇಲಿನ ಅರ್ಧ ಇನ್ನೊಂದು ಊರಿನಲ್ಲಿ. ಅವನ ಕೈ ಎರಡನ್ನೂ ಕೂಡಿಸಿ ತಟ್ಟಿದ ಕೂಡಲೆ, ಅಟ್ಟದ ಮೇಲಿಂದ ತಾಮ್ರದ ಪಾತ್ರೆಗಳ ರಾಶಿ ಕುಸಿದಂತಾಯಿತು. ಕಟ್ಟೆಯ ಕೆಳಗಿದ್ದ ನಾಯಿ ಎದ್ದು ಬೊಗಳಿತು. ಗುಂಪು ನಕ್ಕಿತು, ಸಿಪಾಯಿಗಳೂ ನಕ್ಕರು. ಅವನು ನಿಲ್ಲಿಸಲಿಲ್ಲ. ಇನ್ನೂ ಬೇಗ, ಇನ್ನೂ ಜೋರಾಗಿ ತಟ್ಟಿದ, ಬೇಗ ತಟ್ಟಿದರೆ ಎಲ್ಲಾದರೂ ಕೂಡಿಕೊಂಡೀತು ಎನ್ನುವವನಂತೆ. ಆಮೇಲೆ ಕೆಳಗಿನ ಸಾ ಒಂದನ್ನೇ ತಟ್ಟಿದ. ಮೇಲಿನ ಸಾ ಒಂದನ್ನೇ ತಟ್ಟಿದ. ಬಲಗಿವಿ ಹಲಗೆಗೆ ಒತ್ತಿ ಮತ್ತೊಮ್ಮೆ ಎರಡನ್ನೂ ತಟ್ಟಿದ. ಕಡ್ಡಿಗಳನ್ನು ಜೋಡಿಸಿ ತಂತಿಗಳ ಮೇಲಿಟ್ಟ. ನನ್ನನ್ನು ನೋಡಿದ.

ಸುಬೇದಾರ ಬೇಸರದಿಂದ ಕೈ ಝಾಡಿಸಿದ. "ಬೀದರ ಲೇ ಜಾವ್" ಎಂದು ಟ್ರಕ್ಕು ಹತ್ತಿದ.

ಅಜೀಜಾ ಬೇಗಂ ಕಂಬ ಬಿಟ್ಟು ಓಡಿ ಬಂದು ನನ್ನ ಪೇಟಿಯ ಮೇಲೆ ಕೈಯಿಟ್ಟಳು. "ಮಡೆಪ್ಪಣ್ಣಾ, ನೀವರೆ ಹೇಳ್ರಿ. ನೂರು ಮನ್ಯಾಗ ಅವರ ಸಂಗಟ ಕೂತೀರಿ. ಬಾಜಾ ಅಂತ ನೀವರೆ ಹೇಳ್ರಿ."

ಇಡೀ ಗುಂಪು ನನ್ನ ಬಾಯಿ ನೋಡುತ್ತಿತ್ತು.

"ನಾ ಸುರ ಕೊಟ್ಟೀನಿ ತಂಗಿ" ಎಂದೆ. "ಬಾರಸೋದು ಅವನ ಕೈಯಾಗ ಇತ್ತು."

ಹಾವಗೆಪ್ಪ ಬಂಡಿ ಹೂಡಿಸಿದ. ಆರು ಜನ ಹತ್ತಿದರು. ಮುನೀರೋದ್ದೀನ ಹತ್ತುವ ಮುಂಚೆ ಹೆಂಡತಿಯ ಕೈಗೆ ಚಾವಿ ಕೊಟ್ಟು ಏನೋ ಹೇಳಿದ. ಭಾಲ್ಕಿಯಿಂದ ಬೀದರಕ್ಕೆ ಎತ್ತಿನ ಬಂಡಿ ಹೋಗಿ ಬರಬೇಕೆಂದರೆ ಎಷ್ಟು ಅವಸರ ಮಾಡಿದರೂ ಎರಡು ದಿನ. ಈ ಬಂಡಿ ಕಾರಂಜಾ ಹೊಳೆಯವರೆಗೆ ಹೋಗಿ ಅದೇ ಸಂಜೆ ದೀಪ ಹಚ್ಚುವ ಹೊತ್ತಿಗೆ ಮರಳಿತು. ಐವರು ಚಕ್ಕಡಿಯಲ್ಲಿ ಕೂತಿದ್ದರು. ಹಾವಗೆಪ್ಪ ಹಿಂದೆ ನಡೆದು ಬರುತ್ತಿದ್ದ. ಕಸ್ತೂರಿಬಾಯಿ ಬಾಗಿಲಿಗೆ ಬಂದು ನೋಡಿ, ಒಳಗೆ ಹೋಗಿ, ಮಗ ಸತ್ತ ಮೇಲೆ ಮೊದಲ ಸಲ ಒಲೆ ಹೊತ್ತಿಸಿದಳು.

ಪೆಟ್ಟಿಗೆಯ ಹಲಗೆ ಸಾವಕಾರರ ಮನೆಯ ನೀರೊಲೆಗೆ ಹೋಯಿತು. ತಂತಿಗಳನ್ನು ಊರು ಹಂಚಿಕೊಂಡಿತು. ಸಾಬೂನಿನ ಗಟ್ಟಿ ಕೊಯ್ಯಲು ಅದಕ್ಕಿಂತ ಒಳ್ಳೆಯ ತಂತಿ ಇಲ್ಲ, ಕಿರಾಣಿ ಅಂಗಡಿಯಲ್ಲಿ ಹತ್ತು ವರ್ಷ ನಡೆಯಿತು. ಕಡ್ಡಿಗಳು ನನ್ನಲ್ಲಿವೆ. ಬೆನ್ನು ಕೆರೆಯಲು ಅನುಕೂಲ.

ಮೂರನೆಯ ದಿನ ಅಜೀಜಾ ಬೇಗಂ ನಮ್ಮ ಮನೆಗೆ ಬಂದಳು. ಅವಳ ಮಾಮಾ ಚಾಂದ ಪಾಶಾ ಔರಾದದಿಂದ ಅವಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ. ಅವಳು ಚಾವಿಯನ್ನು ನನ್ನ ಮುಂದೆ ಇಟ್ಟಳು.

"ಬಂಡಿ ಹತ್ತೋವಾಗ ಅಂದ್ರು. ಇದು ಅಣ್ಣಗ ಕೊಡು ಅಂದ್ರು. ಅವರ ಪೇಟಿಗಿ ಮಳಿ ಹೊಡದಾದ, ನಡುವಿನಿಂದ ಸುರ ಹೋಗ್ಯಾದ, ರಿಪೇರಿ ಮಾಡಸಕೋರಿ ಅಂತ ಹೇಳು ಅಂದ್ರು. ಅಣ್ಣಂದು ಏನೂ ತಪ್ಪಿಲ್ಲ, ಪೇಟಿದು ಅಂದ್ರು." ಅವಳು ನನ್ನ ಮುಖ ಬಿಟ್ಟು ಕಣ್ಣು ಕದಲಿಸಲಿಲ್ಲ. "ಹೌದೇನ್ರಿ ಅಣ್ಣಾ? ಪೇಟಿದೇ ತಪ್ಪೇನ್ರಿ?"

ಅವನು ನಂಬಿ ಹೇಳಿದನೋ, ತಿಳಿದು ಹೇಳಿದನೋ, ಇಷ್ಟು ವರ್ಷ ಯೋಚಿಸಿದರೂ ನನಗೆ ಗೊತ್ತಾಗಿಲ್ಲ. ಅವತ್ತು ಬೇರೆ ದಾರಿ ಇರಲಿಲ್ಲ.

"ಹೌದು ತಂಗಿ. ಮಳಿಗಾಲ ನೋಡು. ಪೇಟಿ ಕೆಟ್ಟಿತ್ತು."

ನನ್ನ ಪೇಟಿಯ ಬಗ್ಗೆ ನಾನು ಆಡಿದ ಒಂದೇ ಒಂದು ಕೆಟ್ಟ ಮಾತು ಅದು. ಅಜೀಜಾ ಬೇಗಂ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಔರಾದಕ್ಕೆ ಹೋದಳು. ಅಲ್ಲಿ ಬಳೆ ತೊಡಿಸುವ ಕೆಲಸ ಹಿಡಿದಳು. ನನ್ನ ಹಣೆಬರಹ ನೋಡಿ, ಬಳೆಗಾರ್ತಿ ಕಾಲಿಡದ ಮದುವೆ ಮನೆ ಇಲ್ಲ. ಪೇಟಿಯವನನ್ನು ಗೊತ್ತು ಮಾಡುವ ಮೊದಲೇ ಅವಳು ಅಲ್ಲಿ ಕೂತಿರುತ್ತಾಳೆ. ಭಾಲ್ಕಿಯ ಮಡೆಪ್ಪನನ್ನು ಕರೆಯೋಣ ಎಂದು ಯಾರಾದರೂ ಅಂದರೆ, "ಒಳ್ಳೇರು ರಿ. ಪೇಟಿ ಸುರ ಹೋಗ್ಯಾದ, ಅಷ್ಟೇ. ಅವರ ಬಾಯಿಲೇ ಹೇಳ್ಯಾರ" ಎನ್ನುತ್ತಿದ್ದಳು. ಬೈಯಲಿಲ್ಲ, ಅಳಲಿಲ್ಲ.

ನಾನು ಪೇಟಿಯನ್ನು ಹೈದರಾಬಾದಿಗೆ ಹೊತ್ತುಕೊಂಡು ಹೋದೆ. ರಿಪೇರಿಯವನು ಬಿಚ್ಚಿ ನೋಡಿ, ಇಂಥ ಶುದ್ಧ ಸುರದ ಪೇಟಿ ತಾನು ಕಂಡಿಲ್ಲ ಎಂದು ಅತ್ತುಬಿಟ್ಟ. ಬರೆದು ಕೊಟ್ಟ. ಆ ಕಾಗದ ಜೇಬಿನಲ್ಲಿಟ್ಟುಕೊಂಡು ಔರಾದದ ಒಂದು ಮದುವೆಗೆ ಕರೆಯದೆ ಹೋದೆ. ಅವಳು ಮದುಮಗಳ ಕೈಗೆ ಬಳೆ ಏರಿಸುತ್ತ ಕೂತಿದ್ದಳು.

"ಬರ್ರಿ ಅಣ್ಣಾ. ಪೇಟಿ ರಿಪೇರಿ ಆಯ್ತೇನ್ರಿ?" ಎಂದಳು, ನಾಲ್ಕು ಜನ ಕೇಳುವಂತೆ.

"ಅದು ಕೆಟ್ಟೇ ಇರಲಿಲ್ಲ" ಎಂದುಬಿಟ್ಟೆ. "ನೋಡು, ಕಾಗದ ಅದ."

ಬಳೆ ಮದುಮಗಳ ಮುಂಗೈಯ ಗೆಣ್ಣಿನ ಮೇಲೆ ನಿಂತಿತು. "ಕೆಟ್ಟಿರಲಿಲ್ಲೇನ್ರಿ? ಮತ್ತ ಆ ದಿನ?"

ಮದುವೆ ಮನೆಯವರೆಲ್ಲ ಕಿವಿ ಕೊಟ್ಟು ಕೂತಿದ್ದರು. ನಾನು ಕಾಗದವನ್ನು ಮತ್ತೆ ಮಡಚಿದೆ.

"ಕೆಟ್ಟಿತ್ತು ತಂಗಿ. ಈಗ ಆಗ್ಯಾದ."

"ಇನ್ನೊಮ್ಮಿ ನೋಡಸ್ರಿ" ಎಂದು ಬಳೆಯನ್ನು ಒತ್ತಿ ಏರಿಸಿದಳು. ಹುಡುಗಿಯರು ನಕ್ಕರು. ಆಮೇಲೆ ಮೂರು ತಾಲೂಕಿನಲ್ಲಿ ಎಲ್ಲಿ ಎದುರಾದರೂ ಅದೇ ಪ್ರಶ್ನೆ. ಮದುವೆಗೆ ಕರೆಯುವುದು ನಿಂತಿತು. ಭಜನೆಯಲ್ಲಿ ನನ್ನನ್ನು ಹಿಂದೆ ಕೂರಿಸಿದರು. ಒಂದು ವರ್ಷ ತಾಳ ಕೊಟ್ಟರು.

ಹೋದ ಭಾದ್ರಪದದಲ್ಲಿ ಅಜೀಜಾ ಬೇಗಂ ಔರಾದದಲ್ಲಿ ತೀರಿಕೊಂಡಳು. ಹಾವಗೆಪ್ಪ, ಕಸ್ತೂರಿಬಾಯಿ ಇಬ್ಬರೂ ಮುಂಚೆಯೇ ಹೋಗಿದ್ದಾರೆ. ಅವಳೊಂದಿಗೆ ಮಾತೂ ಸಾಯುತ್ತದೆ ಅಂದುಕೊಂಡಿದ್ದೆ. ಮೊನ್ನೆ ಬೀದರದ ಬಸ್ಸಿನಲ್ಲಿ ಹುಟ್ಟಾ ಕಾಣದ ಒಬ್ಬಳು, ಜನವಾಡದವಳಂತೆ, ನನ್ನ ತೊಡೆಯ ಮೇಲಿನ ಪೇಟಿ ನೋಡಿ ಗಂಡನ ಕಿವಿಯಲ್ಲಿ ಏನೋ ಹೇಳಿ ನಕ್ಕಳು.

ಅದಕ್ಕೇ ಹೇಳುತ್ತಿದ್ದೇನೆ, ಎಲ್ಲರೂ ಕೇಳಿ. ಅವತ್ತು ಚಾವಡಿಯ ಮುಂದೆ ನನ್ನ ಪೇಟಿಯ ಬಿಳಿ ಒಂದು ಬಿಳಿ ಒಂದೇ ಇತ್ತು, ಕರಿ ಒಂದು ಕರಿ ಒಂದೇ ಇತ್ತು. ಮಳೆ ಹೊಡೆದಿರಲಿಲ್ಲ. ಬೆರಳು ಸರಿಸಿದವನು ನಾನು, ತಿಳಿದೇ ಸರಿಸಿದೆ. ಅಂಥ ಕಿವಿಯವನ ಎದುರು ಸುರ ಕಡಿಯದ ಹಾಗೆ ಬೆರಳು ಸರಿಸುವವನು ಬೀದರದಲ್ಲಿ ಇಲ್ಲ, ಹೈದರಾಬಾದಿನಲ್ಲಿ ಇಲ್ಲ, ಕಾಶ್ಮೀರದಲ್ಲೂ ಇರಲಾರ.

ಈ ವೈಶಾಖದಲ್ಲಿ ಯಾರ ಮನೆಯಲ್ಲಾದರೂ ಮದುವೆ ಇದ್ದರೆ ಹೇಳಿ ಕಳಿಸಿ. ಪೇಟಿ ಒರೆಸಿ ಇಟ್ಟಿದ್ದೇನೆ.